ರೂಟರಿನ ಮೊದಲ ವೀಳ್ಯ

ಬೆರಳಿನಿಂದ ಒಮ್ಮೆ ಮೇಲಕ್ಕೆ ಎಳೆದಿದ್ದರೆ ಮುಗಿಯುತ್ತಿತ್ತು. ನಾನು ಎಳೆಯಲಿಲ್ಲ. ನಮ್ಮ ಮನೆಯ ರೂಟರಿನ ಸಾಲಿನಲ್ಲಿ ತಂಗಿಯ ಲ್ಯಾಪ್‌ಟಾಪು ಎಲ್ಲದಕ್ಕಿಂತ ಕೆಳಗಿತ್ತು. ಅದನ್ನು ಅಲ್ಲಿ ಕೂರಿಸಿದವನು ನಾನು; ಗೊತ್ತಿದ್ದೂ ಎತ್ತದೆ ಸುಮ್ಮನಿದ್ದವನೂ ನಾನೇ.

ನಾನು ಓದಿದ್ದು ಕಡಿಮೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟಿತು, ಮತ್ತೆ ಕಟ್ಟುವ ಮೊದಲೇ ಲಗೇಜ್ ಆಟೋ ಕೈಗೆ ಬಂತು. ನಮ್ಮೂರು ದುದ್ದದಿಂದ ಹಾಸನಕ್ಕೂ ಚನ್ನರಾಯಪಟ್ಟಣಕ್ಕೂ ತೆಂಗಿನಕಾಯಿ ಲೋಡು ಹೊಡೆಯುತ್ತೇನೆ. ತಂಗಿ ಅದೇ ಗಣಿತದಲ್ಲಿ ಎಂಎಸ್ಸಿ ಮಾಡಿದಳು. ಆದರೂ ಮನೆಗೆ ನೆಟ್ ಬಂದ ದಿನ ಅದರ ಯಜಮಾನಿಕೆ ನನ್ನ ಪಾಲಾಯಿತು. ಗಂಡುಮಗ ನಾನು, ಗೋಡೆಗೆ ಮೊಳೆ ಹೊಡೆದವನೂ ನಾನು, ಇನ್ನೇನು ಬೇಕು? ಆಯುಧಪೂಜೆಯಲ್ಲಿ ಆಟೋಗೆ ಇಟ್ಟು ಮಿಕ್ಕ ಕುಂಕುಮವನ್ನು ರೂಟರಿಗೂ ಇಟ್ಟು, ಅದರ ಎರಡು ಕೊಂಬಿಗೆ ಸೇವಂತಿಗೆ ಸುತ್ತಿದೆ.

ನೆಟ್ ಹಾಕಲು ಬಂದವನು ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದ. ತೆರೆದರೆ ಮನೆಯ ಫೋನು, ಟೀವಿ, ಲ್ಯಾಪ್‌ಟಾಪು ಎಲ್ಲವೂ ಒಂದರ ಕೆಳಗೊಂದು ಕಾಣುತ್ತವೆ; ಬೆರಳಿನಿಂದ ಎಳೆದು ಮೇಲೆ ಕೆಳಗೆ ಮಾಡಬಹುದು. ಮೇಲೆ ‘ಪ್ರಯಾರಿಟಿ’ ಎಂದಿತ್ತು. ಹಾಗೆಂದರೇನೆಂದು ತಂಗಿಯನ್ನೇ ಕೇಳಿದೆ.

“ಯಾರ್ಗೆ ಮೊದ್ಲು ಅಂತ ಕಣಣ್ಣ. ಎಲ್ರೂ ಒಟ್ಗೆ ನೋಡೋವಾಗ ಮೇಲಿರೋರ್ಗೆ ಮೊದ್ಲು, ಉಳುದ್ರೆ ಕೆಳ್ಗಿರೋರ್ಗೆ. ನಂದು ಮ್ಯಾಲಿಕ್ಕು, ಪಾಠದ ಕೆಲ್ಸ ಸಿಕ್ಕುದ್ರೆ ಬೇಕಾಯ್ತದೆ.”

“ಊಂ” ಎಂದೆ. ಆದರೆ ಯಾರಿಗೆ ಮೊದಲು ಎಂಬುದನ್ನು ನಮ್ಮವರಿಗೆ ಹೆಣ್ಣುಮಗಳು ಹೇಳಿಕೊಡಬೇಕೆ? ಮದುವೆಯಲ್ಲಿ ಎಲೆಅಡಿಕೆಯ ವೀಳ್ಯ ಕೊಡುವಾಗ ಯಾವ ಮನೆಗೆ ಮೊದಲು, ಯಾವುದಕ್ಕೆ ಆಮೇಲೆ ಎಂಬ ಕ್ರಮ ತಪ್ಪಿದರೆ ಊಟ ಬಿಟ್ಟು ಎದ್ದುಹೋಗುವ ಜನ ನಾವು. ರೂಟರನ್ನೂ ಅದೇ ಕ್ರಮದಲ್ಲಿ ಜೋಡಿಸಿದೆ. ಮೊದಲು ಅಪ್ಪನ ಫೋನು. ಆಮೇಲೆ ಅರಕಲಗೂಡಿನ ಭಾವನದು. ಅಕ್ಕನ ಗಂಡ, ಮನೆಯ ಅಳಿಯ. ಹಬ್ಬಕ್ಕಷ್ಟೇ ಬರುತ್ತಾರೆ, ಆದರೆ ಬಂದಾಗ ಕೆಳಗಿದ್ದರೆ ಮುಖ ಊದಿಸಿಕೊಳ್ಳುತ್ತಾರೆ. ಅವರ ನಂತರ ನನ್ನದು, ಅದಾದ ಮೇಲೆ ಟೀವಿ. ತಂಗಿ ಹೇಗೂ ಇನ್ನೊಂದು ಮನೆ ಸೇರುವವಳು ಎಂದು ಅವಳದು ಕೊನೆಗೆ.

ಅಪ್ಪ ಕನ್ನಡಕ ಏರಿಸಿ ನೋಡಿ, “ಪರ್ವಾಗಿಲ್ಲ ಕಣ್ಲಾ, ನಿಂಗೂ ಬುದ್ಧಿ ಐತೆ” ಎಂದ. ಯಾವ ಶಾಲೆಯೂ ಕೊಡದಿದ್ದ ಸರ್ಟಿಫಿಕೇಟು ಅದು. ನಾನು ಉಬ್ಬಿಹೋದೆ.

ತಂಗಿಗೆ ಒಂದು ಕಂಪನಿಯಿಂದ ಕರೆ ಬಂತು. ಮನೆಯಿಂದಲೇ ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುವ ಕೆಲಸ. ಮೊದಲು ಒಂದು ಪಾಠ ಮಾಡಿ ತೋರಿಸಬೇಕಿತ್ತು. ಅವಳು ಇಸ್ತ್ರಿ ಮಾಡಿದ ಸೀರೆಯುಟ್ಟು ಕೋಣೆಯಲ್ಲಿ ಕೂತಳು. ಹೊರಗೆ ಅಪ್ಪ ತನ್ನ ಫೋನಿನಲ್ಲಿ ಯಾವುದೋ ಊರಿನ ಎತ್ತಿನಗಾಡಿ ಓಟ ನೋಡುತ್ತಿದ್ದ. ನಾನು ಕಬಡ್ಡಿ ನೋಡುತ್ತಿದ್ದೆ. ಟೀವಿ ನೋಡುವವರೇ ಇಲ್ಲದೆ ತನ್ನಷ್ಟಕ್ಕೆ ಧಾರಾವಾಹಿ ಓಡಿಸುತ್ತಿತ್ತು. ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ ಎತ್ತಿನ ಮೂಗುದಾರದ ಗಂಟೂ ಕಾಣುತ್ತಿತ್ತು.

ಒಳಗಿನಿಂದ “ಕೇಳಿಸ್ತಿದ್ಯಾ ಮೇಡಂ? ಈಗ ಕೇಳಿಸ್ತಾ?” ಎಂಬ ದನಿ ಬರುತ್ತಲೇ ಇತ್ತು. ಆಮೇಲೆ ನಿಂತಿತು. ಅವಳು ಈಚೆ ಬಂದಳು.

“ಅವ್ರ ಸ್ಕ್ರೀನ್ನಾಗೆ ನಾನು ಬಾಯ್ ತಕ್ಕಂಡಂಗೇ ನಿಂತೋಗಿದ್ನಂತೆ ಕಣಣ್ಣ. ನೆಟ್ ಸರೀಗಿಲ್ದೆ ಕೆಲ್ಸ ಕೊಡಕ್ಕಾಗಲ್ಲ ಅಂದ್ರು. ಆ ಪ್ರಯಾರಿಟೀಲಿ ನಂದು ಮೇಲೈತೆ ತಾನೆ?”

“ಐತೆ” ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಅವಳ ಎದುರಿಗೇ ನೆಟ್ಟಿನವನಿಗೆ ಫೋನ್ ಮಾಡಿ, “ಏನಯ್ಯಾ, ಕನೆಕ್ಷನ್ ಕೊಟ್ಬುಟ್ಟು ಮಲೀಕಂಬುಟ್ರೆ ಆಯ್ತಾ?” ಎಂದು ದಬಾಯಿಸಿದೆ. ಅವನು ಪಾಪ, “ನೋಡಿಸ್ತೀನಿ ಸಾ” ಎಂದ. ತನಗಾಗಿ ಅಣ್ಣ ಜಗಳವಾಡುತ್ತಿದ್ದಾನೆಂದು ತಂಗಿಯ ಕಣ್ಣು ಒದ್ದೆಯಾಯಿತು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನವೇ ಗುಟ್ಟಾಗಿ ಸರಿಮಾಡಬಹುದಿತ್ತು. ಮಾಡಿದರೆ ನೆಟ್ ಇದ್ದಕ್ಕಿದ್ದಂತೆ ಹೇಗೆ ಸರಿಹೋಯಿತೆಂದು ಅವಳು ಕೇಳುತ್ತಾಳೆ. ಅಪ್ಪನ ಗಾಡಿ ಓಟ ನಿಂತರೆ ಅಪ್ಪನೂ ಕೇಳುತ್ತಾನೆ. ಮರ್ಯಾದೆಯ ಪ್ರಶ್ನೆ. ಹೀಗಾಗಿ ರೂಟರಿನ ಧೂಳು ಒರೆಸಿ ಸುಮ್ಮನಾದೆ.

ಆ ಕಂಪನಿಯವರು ಒಳ್ಳೆಯವರು. ನೆಟ್ ಸರಿಹೋಗಿದ್ದರೆ ಇನ್ನೊಮ್ಮೆ ಪಾಠ ನೋಡುತ್ತೇವೆ, ಇಲ್ಲವಾದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ, ಬೇಗ ತಿಳಿಸಿ ಎಂದು ಮೆಸೇಜು ಕಳಿಸಿದರು. ಹಾಸನದ ಗೆಳತಿಯ ಮನೆಯಲ್ಲಿ ಕೂತು ಪಾಠ ಮಾಡುತ್ತೇನೆ ಎಂದು ತಂಗಿ ಕೇಳಿದಳು. ಪಾಠ ಸಂಜೆಯ ಹೊತ್ತಿನದು. “ಕತ್ಲಾದ್ಮೇಲೆ ಬಸ್ನಾಗೆ ಬರೋದು ಬ್ಯಾಡ” ಎಂದ ಅಪ್ಪ. ನಾನು ಆಗಲೂ ಅನ್ನ ಕಲೆಸುತ್ತಾ ಕೂತಿದ್ದೆ.

ಅದೇ ವಾರ ಹೊಳೆನರಸೀಪುರದಲ್ಲಿ ನೆಂಟರ ಮದುವೆ. ಛತ್ರದಲ್ಲಿ ವೀಳ್ಯದ ಮಾಮೂಲಿ ಗಲಾಟೆ ನಡೆದು, ಕೊನೆಗೆ ನಮ್ಮ ಮನೆಗೇ ಮೊದಲ ವೀಳ್ಯ ಬಂತು. ಅಪ್ಪ ಎಲೆ ಹಿಡಿದು ಸುತ್ತ ಕೂತವರಿಗೆಲ್ಲ ಕೇಳುವಂತೆ ಹೇಳಿದ:

“ಇಲ್ಲೊಂದೇ ಅಲ್ಲ ಕಣ್ರಪ್ಪಾ, ನಮ್ಮನೆ ನೆಟ್ನಾಗೂ ಮೊದ್ಲ ವೀಳ್ಯ ನಂದೇಯ! ನನ್ ಮಗ ಮಿಸಿನ್ಗೇ ಹೇಳಿಕ್ಬುಟ್ಟವ್ನೆ.”

“ನಂದೆಲ್ಲೈತೆ ಮಾವ?” ಎಂದರು ಭಾವ.

“ನಿಮ್ದು ಎಲ್ಡ್ನೇದು, ಬುಟ್ಟಾರಾ ಅಳಿಯಂದ್ರುನ್ನ?”

ಭಾವ ಮೀಸೆ ನೀವಿಕೊಂಡರು. ಪಕ್ಕದ ಕುರ್ಚಿಯಲ್ಲಿ ತಂಗಿ ಕಂಪನಿಗೆ ಉತ್ತರ ಬರೆಯುತ್ತಿದ್ದಳು. ಬರೆದದ್ದು ನನಗೆ ಕಾಣುತ್ತಿತ್ತು: ‘ನಮ್ಮ ಮನೆಯ ನೆಟ್ ಸರಿಹೋಗಿಲ್ಲ, ಈ ಕೆಲಸ ನನ್ನಿಂದ ಆಗುವುದಿಲ್ಲ.’ ಕಳಿಸುವುದೊಂದು ಬಾಕಿ. ಅವಳ ಬೆರಳು ನಿಂತಿತು.

“ನಂದೆಷ್ಟ್ನೇದು ಅಣ್ಣ?”

ನಾನು ಅವಸರದಲ್ಲಿ ಫೋನು ತೆಗೆದೆ. ಈಗಲೇ ಅವಳದನ್ನು ಮೇಲಕ್ಕೆಳೆದು ‘ನೋಡು, ಮೊದಲನೇದು’ ಎಂದು ತೋರಿಸಿಬಿಡುವ ಆಸೆ. ರೂಟರ್ ಸಿಗುತ್ತಿಲ್ಲ, ಮನೆಯ ವೈಫೈಗೆ ಸೇರಿಕೊಳ್ಳಿ ಎಂದಿತು ಆ್ಯಪು. ಮನೆಯಲ್ಲಿದ್ದಾಗ ಬೆರಳಿನಲ್ಲಿ ಆಗುತ್ತಿದ್ದ ಕೆಲಸವನ್ನು ಇಲ್ಲಿ ಬಾಯಲ್ಲೇ ಮಾಡಬೇಕಾಯಿತು. ಅದೂ ನೆಂಟರ ಮುಂದೆ, ಮೊದಲ ವೀಳ್ಯದ ಮನೆಯ ಮಗನಾಗಿ.

“ಕೊನೇದು ಕಣವ್ವ. ಟೀವಿಗಿಂತ್ಲೂ ಕೆಳಗೆ.”

“ಲೇ, ಇಲ್ಲ್ಯಾಕ್ಲಾ ಅದೆಲ್ಲ?” ಎಂದು ಅಪ್ಪ ನನ್ನ ತೊಡೆ ಚಿವುಟಿದ.

“ಅದ್ನ ಕಳುಸ್ಬ್ಯಾಡ, ಅಳಿಸ್ಬುಡು,” ಎಂದೆ ತಂಗಿಗೆ. ಸುತ್ತ ಕೂತವರಿಗೂ ಕೇಳಿಸಿತು. “ನೆಟ್ನೋರ್ದೇನೂ ಇಲ್ಲ, ಎಲ್ಲಾ ನಂದೇಯ. ಗೊತ್ತಿದ್ದೂ ಸುಳ್ಳೇಳ್ದೆ. ಮನೇಗೋದೇಟ್ಗೆ ನಿಂದೇ ಮೊದ್ಲಿಕ್ತೀನಿ, ಯಾರ್ ಏನಾರ ಅಂದ್ಕೊಳ್ಳಿ. ತಪ್ಪಾಯ್ತು ಕಣವ್ವ, ನಂದು ತಪ್ಪಾಯ್ತು.”