ಅಮರಮ್ಮನ ಎಡಗಾಲು

ಮಾನ್ವಿಯಿಂದ ರಾಯಚೂರಿಗೆ ಬರುವ ರಸ್ತೆಯಲ್ಲಿ ಬೆಳಿಗ್ಗೆ ಹತ್ತರಿಂದ ಹನ್ನೆರಡರ ನಡುವೆ ಐದು ತೌಡಿನ ಚೀಲಗಳು ತಾವಾಗಿಯೇ ಉರುಳಿ ಬರುತ್ತಿರುವುದು ಕಂಡರೆ ಗಾಬರಿಯಾಗಬೇಡಿ. ಚೀಲಗಳ ನಡುವೆ ಒಂದು ತಲೆ ಇರುತ್ತದೆ, ತಲೆಯ ಮೇಲೆ ಸೆರಗು ಇರುತ್ತದೆ, ಅವೆಲ್ಲದರ ಕೆಳಗೆ ಎಲ್ಲೋ ಒಂದು ಎಕ್ಸೆಲ್ ಗಾಡಿ ಇರುತ್ತದೆ. ಸೈಕಲ್ಲಿಗಿಂತ ಸ್ವಲ್ಪ ದಪ್ಪ, ಬೈಕಿಗಿಂತ ಬಹಳ ತೆಳ್ಳಗಿನ ಮೋಪೆಡ್ಡು. ಓಡಿಸುವವಳು ಅಮರಮ್ಮ. ವಯಸ್ಸು ನಲವತ್ತೈದು ಅನ್ನುತ್ತಾಳೆ, ಐದು ವರ್ಷದಿಂದ ಅಷ್ಟೇ ಅನ್ನುತ್ತಿದ್ದಾಳೆ.

ಹುಟ್ಟಿದ್ದು ದೇವದುರ್ಗದಲ್ಲಿ, ಕೊಟ್ಟಿದ್ದು ರಾಯಚೂರಿಗೆ. ಗಾಡಿ ಕಲಿತದ್ದು ತವರಿನಲ್ಲಿ, ಅಣ್ಣ ಮಧ್ಯಾಹ್ನ ಮಲಗಿದಾಗ ಅವನ ಎಕ್ಸೆಲ್ ಕದ್ದು. ಮದುವೆಯಾದ ಮೇಲೆ ಗಂಡ ಅಂಬರೇಶ, ಗ್ಯಾಸ್ ಗೋದಾಮಿನ ಕಾವಲುಗಾರ, ಹೆಂಗಸು ಇಂಥ ಗಾಡಿ ಓಡಿಸಿದರೆ ತನ್ನ ಮಾನ ಹೋಗುತ್ತದೆ ಎಂದು ತಕರಾರು ತೆಗೆದ. "ನಿನ್ನ ಮಾನ ನೀ ಮನ್ಯಾಗ ಜ್ವಾಪಾನ ಇಡು, ತೌಡು ನಾ ಹೊರತೀನಿ" ಎಂದಳು. ಆಮೇಲೆ ಅವನು ಆ ವಿಷಯ ಎತ್ತಿಲ್ಲ. ಗಾಡಿಯ ಟೈರಿಗೆ ಗಾಳಿ ಹಾಕುವುದು ಈಗ ಅವನ ಕೆಲಸ.

ಮಾನ್ವಿಯ ಅಕ್ಕಿ ಗಿರಣಿಯಿಂದ ತೌಡು ಎತ್ತುವುದು, ರಾಯಚೂರಿನಲ್ಲಿ ಎಮ್ಮೆ ಸಾಕಿದವರ ಮನೆ ಮನೆಗೆ ಮುಟ್ಟಿಸುವುದು, ಇದು ಎಂಟು ವರ್ಷದಿಂದ ಅವಳ ಉದ್ಯೋಗ. ತೌಡು ಹಗುರ, ಆದರೆ ಜಾಗ ತಿನ್ನುತ್ತದೆ. ಮುಂದೆ ಕಾಲಿಡುವ ಜಾಗದಲ್ಲಿ ಎರಡು ಚೀಲ, ಹಿಂದೆ ಮೂರು. ಹಾಗಾದರೆ ಸವಾರಳ ಕಾಲೆಲ್ಲಿ? ರಾಯಚೂರಿನ ಗಂಜ್ ಮಾರುಕಟ್ಟೆಯ ಬಳಿ ಗ್ಯಾರೇಜು ಇಟ್ಟಿರುವ ಖಾಸಿಂ ಸಾಬ್ ಗಾಡಿಯ ಎರಡೂ ಮಗ್ಗುಲಿಗೆ ಕಬ್ಬಿಣದ ಸರಳು ಬೆಸೆದು ಕೊಟ್ಟರು. "ಅಮರಕ್ಕ, ಇದು ಗಾಡಿ ಅಲ್ಲ, ಕತ್ತಿ. ಇನ್ನೊಂದು ಚೀಲ ಹಾಕಿದ್ರ ಒದೀತದ" ಎಂದು ಎಚ್ಚರಿಕೆಯನ್ನೂ ಕೊಟ್ಟರು. ಅವರ ಬಾಯಲ್ಲಿ ಕತ್ತಿ ಅಂದರೆ ಕತ್ತೆ, ರಾಯಚೂರಿನಲ್ಲಿ ಎಲ್ಲರಿಗೂ ಹಾಗೇ.

ಈ ಹೆಚ್ಚಿನ ಹೇರಿಗೆ ಅವಳಿಗೆ ಎರಡು ಸಲ ದಂಡ ಬಿದ್ದಿದೆ. ದಂಡದ ಚೀಟಿ ಬರೆಯುವಾಗ ಪಕ್ಕದಲ್ಲೇ ಒಂದು ಮರಳಿನ ಟಿಪ್ಪರು ತಟ್ಟೆಯ ಅನ್ನದ ಹಾಗೆ ಗೋಪುರ ಏರಿಸಿಕೊಂಡು ಹೋಯಿತಂತೆ. ಚೀಟಿ ಬರೆಯುವವರ ಕಣ್ಣಿಗೆ ಅದು ಬೀಳಲಿಲ್ಲ. ದೊಡ್ಡ ವಸ್ತುಗಳನ್ನು ನೋಡಲು ಈ ನಾಡಿನಲ್ಲಿ ವಿಶೇಷ ಕಣ್ಣು ಬೇಕು.

ಅಮರಮ್ಮ ಹೆಸರುವಾಸಿಯಾದದ್ದು ತೌಡಿನಿಂದಲ್ಲ, ಎಡಗಾಲಿನಿಂದ. ನಮ್ಮ ಕಡೆ ರಸ್ತೆಯಲ್ಲಿ ಬೈಕು ಕೆಟ್ಟರೆ, ಪೆಟ್ರೋಲು ತೀರಿದರೆ, ಹಿಂದಿನಿಂದ ಬಂದ ಇನ್ನೊಬ್ಬ ಸವಾರ ತನ್ನ ಒಂದು ಕಾಲು ಚಾಚಿ ಕೆಟ್ಟ ಗಾಡಿಯಲ್ಲಿ ಹಿಂದೆ ಕೂತವರು ಕಾಲಿಡುವ ಪಾದದಾನಿಗೆ ಒತ್ತಿಟ್ಟು, ತನ್ನ ಎಂಜಿನ್ನಿನ ಬಲದಿಂದ ಎರಡನ್ನೂ ಓಡಿಸುತ್ತಾನೆ. ಇದಕ್ಕೆ ಕಾಲು ಕೊಡುವುದು ಎನ್ನುತ್ತಾರೆ. ಬೈಕಿನವರಿಗೆ ಗೇರು ಬದಲಿಸಲು ಎಡಗಾಲು ಬೇಕು. ಎಕ್ಸೆಲ್ಲಿಗೆ ಗೇರೇ ಇಲ್ಲ. ಅಮರಮ್ಮನ ಎಡಗಾಲು ಹುಟ್ಟಾ ನಿರುದ್ಯೋಗಿ. ಹಾಗಾಗಿ ಆ ರಸ್ತೆಯಲ್ಲಿ ಯಾರ ಗಾಡಿ ನಿಂತರೂ ಕಾಲು ಕೊಡುವುದು ಅವಳ ಪಾಲಿಗೆ ಬಂತು. ಮೇಷ್ಟ್ರಿಗೆ ಕೊಟ್ಟಿದ್ದಾಳೆ, ಹಾಲಿನವನಿಗೆ ಕೊಟ್ಟಿದ್ದಾಳೆ, ಒಮ್ಮೆ ದಂಡ ಹಾಕಿದವನಿಗೇ ಕೊಟ್ಟಿದ್ದಾಳೆ. ಹಣ ಕೇಳಿದವಳಲ್ಲ.

ಈಗ ಗಿರಣಿಯ ಸಾಹುಕಾರರಿಗೆ ಬರೋಣ. ವಿರೂಪಣ್ಣ ಎಂದು ಹೆಸರು. ಹಣೆ ತುಂಬ ವಿಭೂತಿ. ಮೇಲು ಕೀಳು ಇಲ್ಲವೆನ್ನುವ ಮಾತನ್ನು ಗಿರಣಿಯ ಗೋಡೆಗೆ ಎಣ್ಣೆ ಬಣ್ಣದಲ್ಲಿ ಬರೆಸಿದ್ದಾರೆ, ಮಳೆಗೆ ಅಳಿಯಬಾರದು ಅಂತ. ಅದೇ ಗೋಡೆಯ ಬುಡದಲ್ಲಿ ಅಮರಮ್ಮನಿಗೆ ನೀರು ಕುಡಿಯಲು ಬೇರೆ ಲೋಟ ಇದೆ. ಅವಳ ಜಾತಿ ಯಾವುದೆಂದು ನಾನು ಬರೆಯುವುದಿಲ್ಲ. ವಿರೂಪಣ್ಣನವರಿಗೆ ಗೊತ್ತು, ಲೋಟಕ್ಕೂ ಗೊತ್ತು, ಅಷ್ಟು ಸಾಕು.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ವಿರೂಪಣ್ಣನವರ ಮಗ ಶಿವರಾಜ ಒಂದು ಛೋಟಾ ಹಾಥಿ ಕೊಂಡ. ನಾಲ್ಕು ಗಾಲಿಯ ಸಣ್ಣ ಸರಕು ಗಾಡಿಗೆ ನಮ್ಮಲ್ಲಿ ಹಾಗೆ ಹೆಸರು. ಕೊಂಡ ಮೇಲೆ ಅದಕ್ಕೆ ಕೆಲಸ ಬೇಕಲ್ಲ? ತೌಡು ಕಣ್ಣಿಗೆ ಬಿತ್ತು. ಒಂದು ಶುಕ್ರವಾರ ವಿರೂಪಣ್ಣ ಅಮರಮ್ಮನನ್ನು ಕರೆದು ಹೇಳಿದರು: "ಸೋಮವಾರದಿಂದ ನೋಡಮು ಅಮರವ್ವ. ಹುಡುಗ ಗಾಡಿ ತಂದಾನ. ನೀನೂ ಎಷ್ಟು ದಿನ ಹಿಂಗ ಹೇರ್ಕೊಂಡು ತಿರಗ್ತಿ, ನೋಡಾಕ ಛಂದ ಕಾಣಲ್ಲ."

"ಛಂದ ಕಾಣ್ಲಿ ಅಂತ ಹೊರಂಗಿಲ್ರಿ ಸಾವ್ಕಾರ್ರ."

"ಸೋಮವಾರ ಬಾ, ಹೇಳ್ತೀನಿ."

ಸೋಮವಾರ ಏನು ಹೇಳುತ್ತಾರೆಂದು ಅವಳಿಗೆ ಆಗಲೇ ಗೊತ್ತಿತ್ತು. ಬೇರೆ ಗಿರಣಿಗಳ ತೌಡೆಲ್ಲ ಲಾರಿಯವರಿಗೆ ಬರೆದುಹೋಗಿತ್ತು. ಈ ಗಿರಣಿ ತಪ್ಪಿದರೆ ಎಂಟು ವರ್ಷದ ದಾರಿ ಮುಗಿದಂತೆ. ಆಮೇಲೆ ಯಾರದೋ ಹೊಲದಲ್ಲಿ ಹತ್ತಿ ಬಿಡಿಸಲು ಹೋಗುವುದೊಂದೇ ಉಳಿಯುತ್ತದೆ. "ಬಗ್ಗಿ ಬಗ್ಗಿ ದುಡಿಯೋದು ಬಿಟ್ಟು ಎಂಟು ವರ್ಸಾತು. ಇನ್ನ ಬೆನ್ನು ಬಗ್ಗಲ್ಲ" ಎಂದು ಅಂಬರೇಶನಿಗೆ ಹೇಳಿದಳಂತೆ.

ಮರುದಿನ ಶನಿವಾರ. ಎಂದಿನಂತೆ ಐದು ಚೀಲ ಹೇರಿಕೊಂಡು ಮಾನ್ವಿ ಬಿಟ್ಟಳು. ನೀರಮಾನ್ವಿ ದಾಟಿ ಸ್ವಲ್ಪ ದೂರದಲ್ಲಿ, ಬೇವಿನ ಮರದ ಕೆಳಗೆ, ಬಿಳಿ ಪಂಚೆ, ಬಿಳಿ ಅಂಗಿ, ಒಂದು ಬ್ಯಾಟರಿ ಸ್ಕೂಟರು. ವಿರೂಪಣ್ಣ.

ಅವರ ಕೊರಳಿಂದ ಎದೆಗೆ ಹೊಸ ವಸ್ತ್ರದಲ್ಲಿ ಕಟ್ಟಿದ ಒಂದು ಗಂಟಿತ್ತು. ಗಂಟಿನಲ್ಲಿ ಮಠದ ಹಿರಿಯ ಗುರುಗಳ ಪಾದುಕೆ. ಪಾದುಕೆಗೆ ಬೆಳ್ಳಿಯ ಹೊಸ ಕವಚ ಹಾಕಿಸುವ ಪುಣ್ಯ ವಿರೂಪಣ್ಣನವರ ಪಾಲಿಗೆ ಬಂದಿತ್ತು. ಒಂದು ತಿಂಗಳು ಮನೆಯಲ್ಲಿಟ್ಟು ಪೂಜಿಸಿ, ಅಂದು ಮಧ್ಯಾಹ್ನ ಹನ್ನೆರಡಕ್ಕೆ ರಾಯಚೂರಿನ ಮಠದಲ್ಲಿ ಒಪ್ಪಿಸಬೇಕು, ಪಾದಪೂಜೆ ನಡೆಯಬೇಕು. ತರುವವನು ಸ್ನಾನ ಮಾಡಿ, ಉಪವಾಸವಿದ್ದು, ಯಾರನ್ನೂ ಮುಟ್ಟದೆ ತರಬೇಕೆಂದು ಅವರೇ ಒಂದು ನೇಮ ಮಾಡಿಕೊಂಡಿದ್ದರು. ಮಠದವರು ಅಂಥದ್ದೇನೂ ಹೇಳಿರಲಿಲ್ಲ. ಮನೆಯವರನ್ನೆಲ್ಲ ಕಾರಿನಲ್ಲಿ ಮುಂದೆ ಕಳಿಸಿ ಒಬ್ಬರೇ ಸ್ಕೂಟರು ಹತ್ತಿದ್ದರು. ಆದರೆ ರಾತ್ರಿ ಚಾರ್ಜಿಗೆ ಹಚ್ಚಿದ್ದ ಸ್ಕೂಟರಿನ ತಂತಿಯನ್ನು ಸೊಸೆ ನಾಗರತ್ನಾ ಹೋಳಿಗೆಯ ಹೂರಣ ರುಬ್ಬಲೆಂದು ಕಿತ್ತು ಮಿಕ್ಸರು ಹಚ್ಚಿದ್ದಳು. ಹೂರಣ ನುಣ್ಣಗಾಗಿತ್ತು.

ಹನ್ನೊಂದು ಬಾರಿಸಲು ಐದು ನಿಮಿಷ. ಮಠದಲ್ಲಿದ್ದ ಎಲ್ಲರ ಫೋನುಗಳೂ ಬಾಯಿ ಮುಚ್ಚಿಕೊಂಡಿದ್ದವು. ಬಸ್ಸು ಬಂತು, ವಿರೂಪಣ್ಣ ಕೈ ಮಾಡಲಿಲ್ಲ. ಬಸ್ಸಿನಲ್ಲಿ ಜನ ಇರುತ್ತಾರೆ, ಜನ ತಾಗುತ್ತಾರೆ.

ಅಮರಮ್ಮ ಗಾಡಿ ನಿಲ್ಲಿಸಿದಳು. "ಯಾಕ್ರಿ ಸಾವ್ಕಾರ್ರ, ಕರೆಂಟ್ ಹೋತನು?"

"ಬ್ಯಾಟರಿ ಸತ್ತದ. ಹನ್ನೆರಡಕ್ಕ ಮಠದಾಗ ಇರಬೇಕು ನಾನು."

"ಕುಂದರ್ರಿ ಮ್ಯಾಲ. ಕಾಲು ಕೊಡ್ತೀನಿ."

ವಿರೂಪಣ್ಣ ಅವಳ ಕಾಲು ನೋಡಿದರು. ಚಪ್ಪಲಿ, ಕೆಸರು, ತೌಡಿನ ಧೂಳು, ಬೆರಳಿಗೆ ಕಾಲುಂಗುರ. ಆಮೇಲೆ ಎದೆಯ ಗಂಟು ನೋಡಿಕೊಂಡರು. "ಬ್ಯಾಡ, ಬ್ಯಾಡ. ಕಾಲು ಹಚ್ಚಬ್ಯಾಡ. ಇದು ಗುರುಗಳ ಪಾದ. ಹಗ್ಗ ಇದ್ರ ಕಟ್ಟು, ಎಳಿ."

"ಎರಡು ಗಾಲಿ ಗಾಡಿ ಹಗ್ಗ ಕಟ್ಟಿ ಎಳದ್ರ ಬೀಳ್ತೀರ್ರಿ."

"ನಾ ಬೀಳಾಂವಲ್ಲ. ನೀ ಎಳಿ."

ಹಿಂದಿನ ಒಂದು ಚೀಲದ ಹಗ್ಗ ಬಿಚ್ಚಿ ಕಟ್ಟಿದಳು. ಎಕ್ಸೆಲ್ಲು ಮುಂದಕ್ಕೆ ಹೋಯಿತು, ಹಗ್ಗ ಬಿಗಿಯಿತು, ಸ್ಕೂಟರಿನ ಮೂತಿ ಎಡಕ್ಕೆ ತಿರುಗಿತು, ಸಾಹುಕಾರರು ಬಲಕ್ಕೆ ಮಲಗಿದರು. ಬಿದ್ದರೂ ಎರಡೂ ಕೈಯಿಂದ ಗಂಟನ್ನು ಮೇಲೆತ್ತಿ ಹಿಡಿದಿದ್ದರು, ಅದಕ್ಕೊಂದು ಮೆಚ್ಚುಗೆ ಸಲ್ಲಬೇಕು. ಬಿಳಿ ಅಂಗಿಯ ತುಂಬ ನಮ್ಮ ಕರಿ ಮಣ್ಣು. ಎಬ್ಬಿಸಲು ಅಮರಮ್ಮ ಕೈ ಚಾಚಿದಳು. ಅವರು ಆ ಕೈ ಬಿಟ್ಟು ಬೇವಿನ ಮರ ಹಿಡಿದು ಎದ್ದರು.

ಗಡಿಯಾರ ನೋಡಿಕೊಂಡರು. ಹನ್ನೊಂದೂ ಹತ್ತು.

"ಹೂಂ. ಹಚ್ಚು" ಎಂದರು, ಮುಖ ಆ ಕಡೆ ತಿರುಗಿಸಿಕೊಂಡು.

ಅಮರಮ್ಮ ಹಗ್ಗವನ್ನು ಮತ್ತೆ ಚೀಲಕ್ಕೆ ಬಿಗಿದು, ಚಪ್ಪಲಿ ಬಿಟ್ಟು ಚೀಲದ ಸಂದಿಗೆ ಸಿಕ್ಕಿಸಿದಳು. ಯಾರೂ ಹೇಳಿರಲಿಲ್ಲ. ಬರಿಗಾಲನ್ನು ಸ್ಕೂಟರಿನ ಹಿಂದಿನ ಪಾದದಾನಿಗೆ ಒತ್ತಿ, ಪಾದುಕೆಯ ಕಡೆ ಕೈ ಚಾಚಿ ಆ ಕೈಯನ್ನು ಕಣ್ಣಿಗೊತ್ತಿಕೊಂಡು, ಎಕ್ಸೆಲ್ಲಿನ ಹಿಡಿ ತಿರುಗಿಸಿದಳು. ಐದು ಚೀಲ ತೌಡು, ಒಬ್ಬ ಸಾಹುಕಾರ, ಒಂದು ಸತ್ತ ಸ್ಕೂಟರು, ಒಂದು ಜೊತೆ ಬೆಳ್ಳಿ ಪಾದುಕೆ. ಬಡಕಲು ಮೋಪೆಡ್ಡು ಕೆಮ್ಮುತ್ತಾ ಹೊರಟಿತು. ಎದುರು ಬಂದ ಟಂಟಂ ಆಟೋದವರು ಕತ್ತು ಹೊರಹಾಕಿ ನೋಡಿದರು. ಕಲ್ಲೂರಿನ ಚಹಾ ಅಂಗಡಿ ಪೂರ್ತಿ ಎದ್ದು ನಿಂತಿತು.

ಕಲ್ಲೂರು ದಾಟಿದ ಮೇಲೆ ಅಮರಮ್ಮ ಕೇಳಿದಳು. "ಸಾವ್ಕಾರ್ರ, ಸೋಮವಾರದ ಮಾತು ಏನಾತ್ರಿ?"

"ಈಗ್ಯಾಕ ಅದು? ರೋಡ್ ನೋಡು."

"ರೋಡ್ ನೋಡಾಕತ್ತೀನ್ರಿ. ಬಾಯಿ ಖಾಲಿ ಅದ."

"ಶಿವರಾಜನ್ನ ಕೇಳಬೇಕು."

ಸ್ಕೂಟರಿನ ವೇಗ ಇಳಿಯಿತು. ಇನ್ನೂ ಇಳಿಯಿತು. ವಿರೂಪಣ್ಣ ಹಿಂದೆ ತಿರುಗಿ ನೋಡಿದರೆ ಕಾಲು ಪಾದದಾನಿಯಿಂದ ಒಂದು ಗೇಣು ದೂರದಲ್ಲಿತ್ತು.

"ಏ, ಕಾಲ್ಯಾಕ ತೆಗದಿ?"

"ತೆಗದಿಲ್ರಿ. ಜೋಮು ಹಿಡದದ. ಎಂಟು ವರ್ಸದ ಕಾಲು."

"ಹನ್ನೊಂದು ಮುಕ್ಕಾಲಾತು ಮಾರಾಯ್ತಿ."

"ಹೌದ್ರಿ. ನನಗೂ ಸೋಮವಾರ ಬಂದೇ ಬಿಡ್ತು ನೋಡ್ರಿ."

ಇದನ್ನು ಯಾರಾದರೂ ಬೆದರಿಕೆ ಎಂದು ಕರೆಯಬಹುದು. ಕರೆಯಲಿ. ಸಾಹುಕಾರರು ಕುರ್ಚಿಯ ಮೇಲೆ ಕೂತು ಕೂಲಿಯವಳ ಅನ್ನ ತೆಗೆದರೆ ಅದಕ್ಕೆ ವ್ಯವಹಾರ ಎನ್ನುತ್ತಾರೆ, ಕೂಲಿಯವಳು ಒಂದು ಗೇಣು ಕಾಲು ತೆಗೆದರೆ ಬೆದರಿಕೆ.

ಸಾತ್‌ಮೈಲ್ ಕ್ರಾಸಿನ ಹತ್ತಿರ, ಸ್ಕೂಟರು ಇನ್ನೇನು ನಿಲ್ಲುತ್ತದೆ ಅನ್ನುವಾಗ, ವಿರೂಪಣ್ಣ ಎದೆಯ ಗಂಟಿನ ಮೇಲೆ ಕೈಯಿಟ್ಟರು. "ಆತು. ಗುರುಗಳ ಪಾದದ ಆಣಿ, ತೌಡು ನಿಂದ. ಹಚ್ಚು ಕಾಲು."

ಜೋಮು ಬಿಟ್ಟಿತು.

ಮಠದ ಓಣಿ ಇನ್ನೂ ಎರಡು ತಿರುವು ಇರುವಾಗಲೇ ವಿರೂಪಣ್ಣ ನಿಲ್ಲಿಸೆಂದರು. ಯಾರೂ ನೋಡಬಾರದು. ಸ್ಕೂಟರನ್ನು ಒಂದು ಪಾನ್ ಅಂಗಡಿಯ ಮಗ್ಗುಲಿಗೆ ಒರಗಿಸಿ ನಡೆದೇ ಹೋದರು. ಹನ್ನೆರಡೂ ಐದಕ್ಕೆ, ಬೆವರಿ, ಮಣ್ಣಾಗಿ, ಎದೆಗೆ ಪಾದುಕೆ ಅಪ್ಪಿಕೊಂಡು ಒಳಹೊಕ್ಕವರನ್ನು ಕಂಡು ಸಭೆ ದಾರಿ ಬಿಟ್ಟಿತು. ಮೈಕು ಹಿಡಿದವನಿಗೆ ಭಕ್ತಿ ಉಕ್ಕಿತು. ಸಾಹುಕಾರರು ಮಾನ್ವಿಯಿಂದ ಬರಿಗಾಲಲ್ಲಿ ಪಾದಯಾತ್ರೆ ಮಾಡಿಕೊಂಡು ಬಂದಿದ್ದಾರೆ ಎಂದು ಘೋಷಿಸಿದ. ಮುನ್ನೂರು ಜನ ಚಪ್ಪಾಳೆ ತಟ್ಟಿದರು. ವಿರೂಪಣ್ಣ ಕಣ್ಣು ಮುಚ್ಚಿಕೊಂಡರು. ಅಲ್ಲ ಎನ್ನಲಿಲ್ಲ. ಪಾದುಕೆಗೆ ಹಾಲೆರೆದರು, ಆ ತೀರ್ಥವನ್ನು ಮುನ್ನೂರು ಜನ ಕುಡಿದರು. ಭಾನುವಾರದ ಸ್ಥಳೀಯ ಪತ್ರಿಕೆಯಲ್ಲಿ ಫೋಟೋ ಬಂತು.

ಸೋಮವಾರ ಅಮರಮ್ಮ ಗಿರಣಿಗೆ ಹೋದಾಗ ಅಂಗಳದಲ್ಲಿ ಛೋಟಾ ಹಾಥಿ ನಿಂತಿತ್ತು, ಹೊಟ್ಟೆ ತುಂಬ ತೌಡು. ಹಮಾಲ ದುರುಗೇಶ ಕೊನೆಯ ಚೀಲ ಎತ್ತುತ್ತಿದ್ದವನು ಅವಳನ್ನು ನೋಡಿ ಇಳಿಸಿದ. ವಿರೂಪಣ್ಣ ಕಟ್ಟೆಯ ಮೇಲೆ ಪತ್ರಿಕೆ ಹಿಡಿದು ಕೂತಿದ್ದರು, ಹಿಂದಿನ ದಿನದ ಅದೇ ಪುಟ.

"ಸಾವ್ಕಾರ್ರ, ಆಣಿ ಮಾಡಿದ್ರಿ."

ವಿರೂಪಣ್ಣ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದರು. ಎರಡು ರಾತ್ರಿ ಯೋಚಿಸಿರಬೇಕು. "ಮಾಡಿದ್ದೆ, ಇಲ್ಲ ಅನ್ನಲ್ಲ. ಆದ್ರ ನೋಡು ಅಮರವ್ವ, ಅಷ್ಟೊತ್ತಿಗೆ ನಿನ್ನ ಕಾಲು ಗಾಡಿಗೆ ತಾಗಿತ್ತು. ಗಾಡಿ ನನಗ ತಾಗಿತ್ತು, ನಾನು ಪಾದುಕಿಗೆ. ಮೈಲಿಗಿಯಾದ ಪಾದುಕಿ ಮ್ಯಾಲ ಮಾಡಿದ ಆಣಿ ನಡೆಯಂಗಿಲ್ಲ. ಶಾಸ್ತ್ರ."

ಯಾವ ಶಾಸ್ತ್ರ ಎಂದು ನಾನಾದರೆ ಕೂಗಾಡುತ್ತಿದ್ದೆ. ಅಮರಮ್ಮ ಕೂಗಾಡಲಿಲ್ಲ. ಛೋಟಾ ಹಾಥಿಯ ಕಡೆ ಒಮ್ಮೆ ನೋಡಿದಳು.

"ಹಂಗಂದ್ರ ಪಾದುಕಿ ಮೈಲಿಗಿ ಆಗಿತ್ತು ಅಂತೀರಿ."

"ಆಗಿತ್ತು."

"ಸಾತ್‌ಮೈಲ್‌ನ್ಯಾಗ ಆಗಿತ್ತು."

"ಹೌದಂದ್ನಲ್ಲ."

"ಅಲ್ಲಿಂದ ಮಠಕ್ಕ ಹೋಗಾತನಕ ಎಲ್ಲೂ ತೊಳಿಲಿಲ್ರಿ ನೀವು. ಹಂಗ ಒಯ್ದು ಪೂಜಿಗಿಟ್ರಿ. ಮುನ್ನೂರು ಮಂದಿಗಿ ಅದರ ನೀರು ಕುಡಿಸಿದ್ರಿ."

ಪತ್ರಿಕೆ ಮಡಿಚಿಕೊಂಡಿತು.

"ನನಗೇನು ತಿಳಿತದ್ರಿ, ಓದಿಲ್ಲ ಬರದಿಲ್ಲ" ಎಂದಳು ಅಮರಮ್ಮ. "ತೌಡು ಕೊಡಾಕ ಹೋದಾಗ ಮಠದ ಎಮ್ಮಿ ಕಟ್ಟೋ ತಾಯಪ್ಪ ಸಿಗ್ತಾನ. ಅವನ ಕೈಲಿ ಸ್ವಾಮೇರ್ನ ಕೇಳಸ್ತೀನಿ. ಮೈಲಿಗಿ ಆಗಿದ್ರ ಮುನ್ನೂರು ಮಂದಿಗಿ ಏನು ಮಾಡಬೇಕು ಅಂತ. ಆಗಿಲ್ಲಂದ್ರ ಆಣಿ ಇನ್ನೂ ಅದ."

ದುರುಗೇಶ ತಾನೇ ಇಳಿಸಿದ ಚೀಲದ ಮೇಲೆ ಆರಾಮಾಗಿ ಕೂತು ಬಿಟ್ಟಿದ್ದ. ಗಿರಣಿಯ ಒಳಗಿನಿಂದ ಇನ್ನೂ ನಾಲ್ಕು ಜನ ಹೊರಬಂದು ಬೀಡಿ ಹುಡುಕತೊಡಗಿದರು. ವಿರೂಪಣ್ಣನವರ ಹಣೆಯ ವಿಭೂತಿ ಬೆವರಿಗೆ ಒದ್ದೆಯಾಗಿ ಹುಬ್ಬಿನವರೆಗೆ ಬಂತು. ಅವರಿಗೆ ಎರಡೇ ದಾರಿ ಉಳಿದಿದ್ದವು. ಅಮರಮ್ಮನ ಕಾಲಿನಿಂದ ಪಾದುಕೆ ಕೆಡಲಿಲ್ಲ ಎನ್ನಬೇಕು, ಇಲ್ಲವೇ ಊರಿಗೆಲ್ಲ ಕೆಟ್ಟದ್ದನ್ನು ಕುಡಿಸಿದೆ ಎನ್ನಬೇಕು. ಮೇಲು ಕೀಳಿಲ್ಲ ಎಂದು ಗೋಡೆಗೆ ಬರೆಸುವುದು ಸುಲಭ. ಅದನ್ನು ಬಾಯಿಂದ, ಹಮಾಲರ ಎದುರು, ಹೇಳುವುದು ಅವರ ಜೀವನದಲ್ಲಿ ಅದೇ ಮೊದಲು.

"ಏನೂ ಆಗಿಲ್ಲ" ಎಂದರು.

"ಏನಂದ್ರಿ?"

"ಪಾದುಕಿಗೆ ಏನೂ ಆಗಿಲ್ಲ ಅಂದೆ. ನಿನ್ನ ಕಾಲಿಂದ ಏನೂ ಆಗಿಲ್ಲ. ಲೇ ದುರುಗ್ಯಾ, ಇಳಸಲೇ ಚೀಲ."

ಶಿವರಾಜ ಒಳಗಿನಿಂದ ಓಡಿ ಬಂದ. "ಯಪ್ಪಾ, ನನ್ನ ಗಾಡಿ?"

"ನಿನ್ನ ಗಾಡಿ ತಲಿ ಮ್ಯಾಲ ಇಟ್ಕೊ."

ಐದು ಚೀಲ ಛೋಟಾ ಹಾಥಿಯಿಂದ ಇಳಿದು ಎಕ್ಸೆಲ್ಲಿಗೆ ಏರಿದವು. ದುರುಗೇಶ ಎಂದೂ ಇಲ್ಲದ ಶ್ರದ್ಧೆಯಿಂದ ಹಗ್ಗ ಬಿಗಿದ. ಅಮರಮ್ಮ ಚೀಲಗಳ ನಡುವೆ ಜಾಗ ಮಾಡಿಕೊಂಡು ಕೂರುವಾಗ ವಿರೂಪಣ್ಣ ಕಟ್ಟೆಯಿಂದ ಇಳಿದು ಹತ್ತಿರ ಬಂದರು, ದನಿ ತಗ್ಗಿಸಿದರು.

"ಆ ದಿನದ್ದು ಎಲ್ಲೂ ಬಾಯಿ ಬಿಡಬ್ಯಾಡ ಅಮರವ್ವ. ಪೇಪರ್‌ನ್ಯಾಗ ನಡಕೊಂಡು ಬಂದೆ ಅಂತ ಬಂದದ."

"ನಾ ಯಾಕ ಹೇಳ್ಲಿರಿ" ಎಂದಳು ಅಮರಮ್ಮ, ಗಾಡಿ ಚಾಲೂ ಮಾಡುತ್ತಾ. "ಕಲ್ಲೂರಾಗ ಚಾ ಕುಡಿಯೋ ಮಂದೀನ ಹೋಗಿ ಕೇಳ್ಕೊರ್ರಿ. ಅವರದು ನನ್ನ ಕೈಯಾಗಿಲ್ಲ."