ಶುದ್ಧ ಕೈಯಿಂದ ಹಿಡಿದ ಮಳೆ

ಧಾರೂರಿನ ಶಿವಶಂಕರಪ್ಪನವರು ಆರು ವರ್ಷ ಮಳೆ ಹಿಡಿದರು. ಮಾಳಿಗೆಯ ಮೇಲೆ ನಾವಿಟ್ಟ ಬಾಟಲಿ ತುಂಬಿದಾಗಲೆಲ್ಲ ಮುಚ್ಚಳ ಹಾಕಿ, ತಾರೀಖು ಬರೆದು, ಇನ್ನೊಂದು ಬಾಟಲಿಯಲ್ಲಿ ಹಳ್ಳದ ನೀರು ತರುತ್ತಿದ್ದರು. ಎಪ್ಪತ್ತನಾಲ್ಕರ ಮನುಷ್ಯ, ಒಂದು ಮಳೆಯನ್ನೂ ತಪ್ಪಿಸಲಿಲ್ಲ. ನೀರು ಪರೀಕ್ಷೆ ಮಾಡುವ ನಾನು ವಾರಕ್ಕೊಮ್ಮೆ ಮಧ್ಯಾಹ್ನ ತಾಂಡೂರಿನಿಂದ ಜೀಪಿನಲ್ಲಿ ಹೋಗಿ ಎತ್ತಿಕೊಂಡು ಬರುತ್ತಿದ್ದೆ, ಅಷ್ಟೇ ನನ್ನ ಕಷ್ಟ.

ಕಾರ್ಖಾನೆ ಚಿಮಣಿಗಳ ಹೊಗೆ ಬೆರೆತು ಮಳೆ ಹುಳಿಯಾಗುತ್ತದೆ. ತಾಂಡೂರಿನ ಕಡೆ ನೆಲದ ಸುಣ್ಣದಕಲ್ಲು ಆ ಹುಳಿಯನ್ನು ನುಂಗಿಬಿಡುತ್ತದೆ. ಧಾರೂರಿನ ಕೆಂಪು ನೆಲಕ್ಕೆ ಆ ತಾಕತ್ತಿಲ್ಲ. ಇಂಥ ಹಳ್ಳ ಇನ್ನೆಷ್ಟು ವರ್ಷ ತಡೆದುಕೊಂಡೀತು ಎಂದು ಹೇಳುವ ಕಂಪ್ಯೂಟರ್ ಮಾದರಿ ನಮ್ಮಲ್ಲಿತ್ತು. ಅದನ್ನು ನಂಬುವ ಮೊದಲು ಅದಕ್ಕೆ ನಿಜವಾದ ಮಳೆಯ ಅಂಕಿ ಕೊಟ್ಟು, ಅದು ತೋರಿಸುವ ಹಳ್ಳಕ್ಕೂ ನಿಜವಾದ ಹಳ್ಳಕ್ಕೂ ತಾಳೆ ನೋಡಬೇಕಿತ್ತು. ಶಿವಶಂಕರಪ್ಪನವರಿಗೆ ಬೇಕಿದ್ದದ್ದು ಒಂದೇ ಮಾತು.

"ಯವ್ವಾ, ಹಳ್ಳದಾಗ ಏಡಿ ಕಾಣಲಾರ್ದ ಮೂರು ವರ್ಷ ಆತು. ನಮ್ಮ ಹಳ್ಳ ಉಳೀತದೋ ಇಲ್ಲೋ, ನಾ ಇರೂದ್ರಾಗ ಹೇಳಿಬಿಡು."

ತಾಳೆಯಾಗಲೇ ಇಲ್ಲ. ಕಂಪ್ಯೂಟರಿನ ಹಳ್ಳ ಗಟ್ಟಿಮುಟ್ಟಾಗಿತ್ತು, ನಿಜವಾದದ್ದು ಸೊರಗುತ್ತಿತ್ತು. ನಾವು ಮಾದರಿಯನ್ನೇ ಬೈದೆವು.

ಈ ಆಷಾಢದಲ್ಲಿ ಒಂದು ದಿನ ಬೆಳಿಗ್ಗೆಯೇ ಹೋದೆ. ಮಳೆ ಆಗಷ್ಟೇ ನಿಂತಿತ್ತು. ಅವರು ಸ್ನಾನ, ಪೂಜೆ ಮುಗಿಸಿ, ಹಣೆಗೂ ತೋಳಿಗೂ ವಿಭೂತಿ ಬಳಿದುಕೊಂಡು, ಅದೇ ಬೆರಳಿನಿಂದ ಬಾಟಲಿಯ ಬಾಯಿ ಒರೆಸುತ್ತಿದ್ದರು. ಬೂದಿ ಹುಳಿಯನ್ನು ಕೊಲ್ಲುತ್ತದೆ. ಹಳ್ಳದಲ್ಲಾದರೆ ಮುಳುಗಿಸುವಾಗ ಕೈ ತೊಳೆದುಹೋಗುತ್ತಿತ್ತು; ಮಳೆಯ ಬಾಟಲಿಗೆ ಮಾತ್ರ ಆರು ವರ್ಷವೂ ಬೂದಿ ಬಿದ್ದಿತ್ತು, ಕಂಪ್ಯೂಟರಿಗೆ ಹೋದದ್ದು ಹುಳಿ ಸತ್ತ ಮಳೆಯ ಅಂಕಿ.

"ಮುತ್ಯಾ, ಏನ್ ಮಾಡಾಕತ್ತೀರಿ?"

"ನೀನೇ ಹೇಳಿದ್ದೆಲ್ಲವ್ವಾ, ಶುದ್ಧ ಕೈಲಿಂದ ಮುಟ್ಟಬೇಕಂತ."

ಹೇಳಿದ್ದೆ. ಸಾಬೂನು ಎನ್ನಲು ನನಗೇನು ದಾಡಿಯಾಗಿತ್ತು? ನಾನೂ ವಿಭೂತಿಯ ಮನೆಯಲ್ಲೇ ಹುಟ್ಟಿದವಳು. ನಾಚಿಕೆಯಿಂದ ಸತ್ತುಹೋದೆ.

ಆರು ವರ್ಷದ ಮಳೆ ಕೆಲಸಕ್ಕೆ ಬಾರದೆ ಹೋಯಿತು. ಮೇಲಿನವರು ಯೋಜನೆಯನ್ನೇ ಮುಚ್ಚಿದರು. ಬೂದಿಯ ವಿಷಯ ಶಿವಶಂಕರಪ್ಪನವರಿಗೆ ಹೇಗೋ ಹೇಳಿದೆ; ಯೋಜನೆ ಮುಚ್ಚಿದ್ದನ್ನು ಹೇಳಲು ಬಾಯಿ ಬರಲಿಲ್ಲ.

ನಿನ್ನೆ ಅವರ ಫೋನ್ ಬಂತು.

"ಯವ್ವಾ, ಮುಂಜಾನಿ ಮಳಿ ಆತು. ಸಾಬಾಣ ಹಚ್ಚಿ ಕೈ ತೊಕ್ಕೊಂಡು ಹಿಡದೀನಿ. ಬೂದಿ ಉದುರೀತಂತ ಹಣೀಗೂ ಹಚ್ಚಿಲ್ಲ. ಬುದ್ಧಿ ಬಂದಾಗಿಂದ ಹಣಿ ಬರಿದು ಇಟ್ಟಾವಲ್ಲ ನಾ. ಬಾಟ್ಲಿ ಒಯ್ಯಾಕ ಯಾವಾಗ ಬರ್ತಿ?"

"ನಾಳೆ ಬರ್ತೀನಿ, ಮುತ್ಯಾ," ಎಂದೆ.