ಅವಳ ಊಟದ ಹೊತ್ತು

ಪುಣೆ ಹತ್ತಿರದ ಚಾಕಣದಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ್ದು, ಇನ್ನೊಂದು ವಾರ ರಾತ್ರಿಯದು. ಒಮ್ಮೆ ಅಲ್ಲಿಗೆ ಡಾಕ್ಟರೊಬ್ಬರು ಬಂದು, ದೇಹದೊಳಗೊಂದು ಗಡಿಯಾರವಿದೆ, ಕತ್ತಲಾದಾಗ ನಿದ್ರೆಯ ಹಾರ್ಮೋನು, ನಸುಕಿನಲ್ಲಿ ಎಚ್ಚರದ ಹಾರ್ಮೋನು ಹೊತ್ತಿಗೆ ಸರಿಯಾಗಿ ಏರಿದರೆ ಅದು ತಪ್ಪದೆ ನಡೆಯುತ್ತದೆ ಎಂದು ವಿವರಿಸಿದರು. ಭಾಷಣದ ಅರ್ಧಕ್ಕೇ ನಾನು ನಿದ್ದೆ ಹೋದೆ. ಪಂಡಿತನಾಗಲು ಕೇಳಿದ ಅರ್ಧವೇ ಸಾಕಾಯಿತು.

ಮನೆಗೆ ಬಂದವನೇ ಉಪದೇಶ ಶುರು ಮಾಡಿದೆ. ಕಿಟಕಿಗೆ ಕಪ್ಪು ಪರದೆ ಬಂತು. ರಾತ್ರಿ ಪಾಳಿಯ ವಾರ ನಾನು ಹಗಲು ಮಲಗಿದಾಗ ಕುಕ್ಕರ್ ಕೂಗಕೂಡದು, ಮಗಳು ಜೋರಾಗಿ ಓದಕೂಡದು. ಮೇಲಿನ ಮನೆಯವರು ಖಾರ ಕುಟ್ಟಿದರೆ, ಹೋಗಿ ಮರಾಠಿಯಲ್ಲಿ ಹಾರ್ಮೋನಿನ ಪಾಠ ಹೇಳಿ ಬಂದೆ.

"ಗಡಿಯಾರ ನಿಮ್ಮೊಬ್ಬರ ಮೈಯಾಗಷ್ಟ ಅದ ಏನ್ರಿ?" ಎಂದು ಹೆಂಡತಿ ಕುಟುಕಿದಳು. ನಾನು ಅದನ್ನೂ ತಮಾಷೆ ಎಂದುಕೊಂಡು ನಕ್ಕೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಈ ಮಳೆಗಾಲದಲ್ಲಿ ಸುಸ್ತು ಎಂದು ನಾನು ದವಾಖಾನೆಗೆ ಹೊರಟೆ. ಇಷ್ಟು ದೊಡ್ಡ ರೋಗಿ ಒಬ್ಬನೇ ಹೋಗುವುದುಂಟೇ? ಅವಳನ್ನೂ ಕರೆದುಕೊಂಡು ಹೋದೆ. ಕೆಲ ತಿಂಗಳಿಂದ ತಲೆ ಸುತ್ತುತ್ತದೆ ಎನ್ನುತ್ತಿದ್ದಳಲ್ಲ, ದೊಡ್ಡ ಮನಸ್ಸು ಮಾಡಿ ಅವಳ ರಕ್ತವನ್ನೂ ಪರೀಕ್ಷೆಗೆ ಕೊಡಿಸಿದೆ. ನನ್ನ ರಿಪೋರ್ಟಿನಲ್ಲಿ ಏನೂ ಇರಲಿಲ್ಲ. ಸುಳ್ಳೇಕೆ, ಸ್ವಲ್ಪ ಬೇಜಾರೇ ಆಯಿತು. ಅವಳ ಸಕ್ಕರೆ ಮಾತ್ರ ಏರಿತ್ತು. ಮುಟ್ಟು ಹಿಂದುಮುಂದಾಗುತ್ತಿದೆ ಎಂಬುದೂ ನನಗೆ ಅಲ್ಲೇ ತಿಳಿದದ್ದು.

ಅವಳ ರಿಪೋರ್ಟು ನೋಡಿದ ಡಾಕ್ಟರಮ್ಮ, ಯಾವ ಕಾರ್ಖಾನೆಯಲ್ಲಿ ಪಾಳಿ ಮಾಡುತ್ತೀರಿ ಎಂದು ಅವಳನ್ನು ಕೇಳಿದರು. ಮನೆಯಲ್ಲೇ ಇರುತ್ತೇನೆ ಎಂದಳು. ಊಟ ಎಷ್ಟು ಹೊತ್ತಿಗೆ ಎಂದು ಕೇಳಿದಾಗ ನನ್ನ ಮುಖ ನೋಡಿದಳು.

ಮಧ್ಯಾಹ್ನದ ಪಾಳಿಯ ವಾರ ನಾನು ಮನೆ ಮುಟ್ಟುವಾಗ ರಾತ್ರಿ ಒಂದು ಗಂಟೆ. ನನಗೆ ಬಿಸಿ ರೊಟ್ಟಿ ಬಡಿದು, ನಾನುಂಡ ಮೇಲೆ ಅವಳು ಉಣ್ಣುತ್ತಾಳೆ. ಮತ್ತೆ ಐದಕ್ಕೆ ಎದ್ದು ಮಗಳ ಡಬ್ಬಿ ಕಟ್ಟುತ್ತಾಳೆ. ರಾತ್ರಿ ಪಾಳಿಯ ವಾರ, ನಾನು ಬೆಳಿಗ್ಗೆ ಬಂದು ಉಣ್ಣುವವರೆಗೆ ಅವಳಿಗೆ ಚಹಾವೇ ಗತಿ. ನಮ್ಮವ್ವನೂ ಹಾಗೇ ಗಂಡ ಉಂಡ ಮೇಲೆಯೇ ಉಣ್ಣುತ್ತಿದ್ದಳು. ಹಾಗಾಗಿ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಹೊತ್ತಲ್ಲದ ಹೊತ್ತಿನ ಊಟವೂ ಹಾರ್ಮೋನುಗಳ ಲೆಕ್ಕ ತಪ್ಪಿಸುತ್ತದೆ, ಹೀಗೇ ನಡೆದರೆ ಸಕ್ಕರೆ ಕಾಯಿಲೆ ಕಟ್ಟಿಟ್ಟದ್ದು, ದಿನಾ ರಾತ್ರಿ ಎಂಟರೊಳಗೆ ಉಣ್ಣಬೇಕು ಎಂದರು ಡಾಕ್ಟರಮ್ಮ. ನನಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಮರುದಿನ ನನ್ನದು ಮಧ್ಯಾಹ್ನದ ಪಾಳಿ. ಎಂಟಕ್ಕೆ ಕ್ಯಾಂಟೀನಿನಿಂದ ಫೋನ್ ಮಾಡಿದೆ.

"ಉಂಡೇನು?"

"ತಾಟಿನ ಮುಂದ ಕುಂತೀನ್ರಿ."

"ಉಣ್ಣು ಮತ್ತ."

"ಹಸಿವಾಗವಲ್ದರಿ. ನೀವು ಬಂದು ಬಾಗಿಲಾ ಬಡಿದ ಮ್ಯಾಲೇ ನನಗ ಹಸಿವು ಆಗೋದು."

"ಒಂದು ತುತ್ತರ ತಿನ್ನು. ಅಲ್ಲೀತನಕ ನಾ ಫೋನ್ ಇಡಂಗಿಲ್ಲ" ಎಂದೆ.

ರೊಟ್ಟಿ ಮುರಿದ ಸಪ್ಪಳ ಕೇಳಿತು. ಅಗಿಯುವುದು ಕೇಳಿಸುವವರೆಗೆ ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತೆ. ಅವಳ ಊಟಕ್ಕೆ ನಾನು ಕಾದದ್ದು ಅದೇ ಮೊದಲು.